ಭಂಗಾರದ ತಕ್ಕಡಿ

"ತಕ್ಕಡಿ ಇಟ್ಟುಕೊಂಡು ಅಕ್ಷರ ಕಲಿಸುತ್ತೀರಾ ಅಕ್ಕೋರೇ? ಇನ್ನು ಗಲ್ಲಾಪೆಟ್ಟಿಗೆಯೊಂದು ಬಾಕಿ" ಎಂದು ನನ್ನ ಜೊತೆ ಕೆಲಸ ಮಾಡಿದ ಮಾಸ್ತರರೊಬ್ಬರು ನಕ್ಕಿದ್ದರು. ಅದು 2017ರ ಮಳೆಗಾಲ. ಕಳೆದ ತಿಂಗಳು ಅದೇ ಮಾಸ್ತರರು ಫೋನ್ ಮಾಡಿದರು. ಅಕ್ಕಲಕೋಟೆಯಲ್ಲಿ ಗುರುವಾರದ ಭಕ್ತರಿಗೆ ಹೂವು, ಊದುಬತ್ತಿ ಮಾರುವ ಮಕ್ಕಳಿಗಾಗಿ ಏನಾದರೂ ಮಾಡಬೇಕೆಂದಿದ್ದಾರಂತೆ. ನಿಮ್ಮ ತಕ್ಕಡಿ ಯಾವ ಕಂಪನಿಯದು ಎಂದು ಕೇಳಿದರು. ಕಂಪನಿಯಲ್ಲಿ ಏನೂ ಇಲ್ಲ ಮಾಸ್ತರೇ ಎಂದು ಶುರು ಮಾಡಿ ಅರ್ಧ ಗಂಟೆ ಮಾತಾಡಿದೆ. ಫೋನ್ ಇಟ್ಟ ಮೇಲೆ, ಇದನ್ನೆಲ್ಲ ಬರೆದೇ ಬಿಡೋಣ ಎನಿಸಿತು. ಬೀದಿಯಲ್ಲಿ ದುಡಿಯುವ ಮಕ್ಕಳ ನಡುವೆ ಓಡಾಡಿದವರು ಓದಲಿ. ಉಳಿದವರಿಗೆ ಕೆಲವು ಮಾತು ಒರಟಾಗಿ ಕಾಣಬಹುದು.

ನಾನು ಸೊಲ್ಲಾಪುರದಲ್ಲಿ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯಲ್ಲಿ 32 ವರ್ಷ ಕಲಿಸಿ 2014ರಲ್ಲಿ ನಿವೃತ್ತಳಾದವಳು. ನಾನು ಹೇಳುತ್ತಿರುವ ಮಕ್ಕಳು ರೈಲು ನಿಲ್ದಾಣ, ಎಸ್.ಟಿ. ಬಸ್ ನಿಲ್ದಾಣ, ನವೀ ಪೇಠೆ, ಅಶೋಕ ಚೌಕದ ಮಗ್ಗಗಳ ಹಿಂಬದಿ ಇಷ್ಟರೊಳಗೆ ಚಿಂದಿ ಆಯುವವರು. ಅರ್ಧದಷ್ಟು ಕುಟುಂಬಗಳು ವಿಜಯಪುರ, ಕಲಬುರಗಿ ಕಡೆಯಿಂದ ಬಂದವು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಪೊಲೀಸರ ಎದುರು ಹಿಂದಿ, ಪದ್ಮಶಾಲಿಗಳ ಓಣಿಗೆ ಹೋದರೆ ತೆಲುಗು. ನಾಲ್ಕು ಭಾಷೆಯಲ್ಲಿ ಬೈಯಬಲ್ಲ, ಒಂದರಲ್ಲೂ ತನ್ನ ಹೆಸರು ಬರೆಯಲಾರದ ಮಕ್ಕಳು.

ಅವರ ದಿನ ನಸುಕಿನ ನಾಲ್ಕೂವರೆಗೆ ಶುರುವಾಗುತ್ತದೆ. ಪಾಲಿಕೆಯ ಕಸದ ಗಾಡಿ ಬರುವುದರೊಳಗೆ ಪೇಠೆಯ ಅಂಗಡಿಗಳ ಮುಂದೆ ಬಿದ್ದ ಪುಟ್ಟಾ, ಅಂದರೆ ರಟ್ಟು, ಚೀಲ ಸೇರಬೇಕು. ತಡವಾದರೆ ಅದು ಗಾಡಿಯವರ ಪಾಲು. ಆರು ಗಂಟೆಗೆ ನಿಲ್ದಾಣ. ರಾತ್ರಿಯ ರೈಲುಗಳಿಂದ ಬಿದ್ದ ನೀರಿನ ಬಾಟಲಿ ಅಲ್ಲಿ ಸಿಗುತ್ತದೆ. ಎಂಟಕ್ಕೆ ಚಹಾ, ಪಾವು. ಆಮೇಲೆ ಮಗ್ಗಗಳ ಹಿಂದೆ ನೂಲಿನ ಚಿಂದಿ, ತುಂಡು ತಂತಿ, ಒಡೆದ ಡಬ್ಬಿ. ಹತ್ತರ ಸುಮಾರಿಗೆ ಯಾವುದಾದರೂ ಗೋಡೆಯ ನೆರಳಿನಲ್ಲಿ ಚೀಲ ಸುರಿದು ರದ್ದಿ, ಪುಟ್ಟಾ, ಬಾಟಲಿ, ಕಬ್ಬಿಣ, ಜರ್ಮನ್ (ಅಂದರೆ ಅಲ್ಯೂಮಿನಿಯಂ) ಎಂದು ಬೇರೆ ಮಾಡುತ್ತಾರೆ. ಆ ಕೈಗಳ ವೇಗವನ್ನು ನೋಡಬೇಕು. ಹನ್ನೊಂದಕ್ಕೆ ಭಂಗಾರದ, ಅಂದರೆ ಗುಜರಿಯ, ಅಂಗಡಿ. ಮಧ್ಯಾಹ್ನ ಸಿದ್ಧೇಶ್ವರ ಕೆರೆಯ ದಂಡೆಯಲ್ಲಿ ಈಜು, ಮರದ ಕೆಳಗೆ ನಿದ್ದೆ. ನಾಲ್ಕರ ನಂತರ ಕೆಲವರು ಚಹಾದ ಗಾಡಿಯಲ್ಲಿ ಗ್ಲಾಸು ತೊಳೆಯುತ್ತಾರೆ, ಕೆಲವರು ಬಲೂನು ಮಾರುತ್ತಾರೆ. ರಾತ್ರಿ ಒಂಬತ್ತಕ್ಕೆ ಮನೆ. ತಾಯಿಯ ಕೈಗೆ ದುಡ್ಡು, ತಾಯಿಯ ಕೈಯಿಂದ ತಂದೆಯ ಕೈಗೆ. ಐದೋ ಹತ್ತೋ ರೂಪಾಯಿ ಮಾತ್ರ ಚಡ್ಡಿಯ ಮಡಿಕೆಯಲ್ಲಿ ಉಳಿಯುತ್ತದೆ. ಈ ದಿನಚರಿಯಲ್ಲಿ ಪಾಠಕ್ಕೆ ಜಾಗ ಎಲ್ಲಿದೆ ಎಂದು ಹುಡುಕುವುದರಲ್ಲೇ ನನ್ನ ಮೊದಲ ಎರಡು ವರ್ಷ ಹೋದವು.

ಸೋತ ಪಟ್ಟಿ ದೊಡ್ಡದು. ಮೊದಲು ಬೇವಿನ ಮರದ ಕೆಳಗೆ ಪಾಟಿ, ಬಳಪ, ಬಿಸ್ಕತ್ತು. ಬಿಸ್ಕತ್ತು ಇದ್ದಷ್ಟು ದಿನ ಇಪ್ಪತ್ತೆರಡು ಮಕ್ಕಳು, ಬಿಸ್ಕತ್ತು ನಿಂತ ಮರುದಿನ ಮೂವರು. ಆ ಮೂವರೂ ಬಿಸ್ಕತ್ತು ನಿಂತ ಸುದ್ದಿ ಗೊತ್ತಿಲ್ಲದವರು. ಪಾಟಿಗಳನ್ನು ಯಾರೋ ಕದ್ದರು. ಪಾಟಿಯನ್ನು ಯಾವ ಭಂಗಾರದವನೂ ಕೊಳ್ಳುವುದಿಲ್ಲ, ಆದರೂ ಕದ್ದರು. ಆಮೇಲೆ ಸಂಜೆಯ ವರ್ಗ ಮಾಡಿದೆ. ಮಕ್ಕಳು ಬಂದರು, ಕುಳಿತರು, ಮಲಗಿದರು. ಹನ್ನೆರಡು ತಾಸು ಕಾಲ ಮೇಲಿದ್ದ ಮಗುವಿಗೆ 'ಅ' ತೋರಿಸಿದರೆ ಅದು ದಿಂಬಿನ ಹಾಗೆ ಕಾಣುತ್ತದೆ. ಮೂರನೆಯದು ನೇರವಾಗಿ ಶಾಲೆಗೆ ಸೇರಿಸುವುದು. ಜೂನ್‌ನಲ್ಲಿ ಒಂಬತ್ತು ಮಕ್ಕಳನ್ನು ಸೇರಿಸಿದೆ. ದೀಪಾವಳಿ ರಜೆ ಮುಗಿದಾಗ ಇಬ್ಬರು ಉಳಿದಿದ್ದರು. ಹನ್ನೊಂದು ವರ್ಷದವನನ್ನು ಒಂದನೆಯ ತರಗತಿಯಲ್ಲಿ ಕೂರಿಸಿ "ಕಮಲ, ಬಸವ" ಎನ್ನಿಸಿದರೆ ಅವನು ಏಕೆ ಉಳಿಯುತ್ತಾನೆ? ರೈಲಿನ ಬೋಗಿಯಿಂದ ಬೋಗಿಗೆ ಜಿಗಿಯುವವನು ಅವನು.

ನಾಲ್ಕನೆಯದನ್ನು ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ, ಏಕೆಂದರೆ ಈಗಲೂ ಹಲವರು ಅದನ್ನೇ ಮಾಡುತ್ತಿದ್ದಾರೆ. ಪಾಠಕ್ಕೆ ಬಂದರೆ ಆ ಹೊತ್ತಿನ ದುಡಿಮೆ ಹೋಗುತ್ತದಲ್ಲ, ಅದನ್ನು ನಾನೇ ತುಂಬಿಕೊಡುತ್ತೇನೆ ಎಂದು ಮಗುವಿಗೆ ದಿನಕ್ಕೆ 20 ರೂಪಾಯಿ ಕೊಡತೊಡಗಿದೆ. ಹದಿನಾಲ್ಕು ಮಕ್ಕಳು, ತಿಂಗಳಿಗೆ ಏಳು ಸಾವಿರ. ಎರಡನೆಯ ತಿಂಗಳಲ್ಲಿ ಒಬ್ಬ ತಂದೆ ಬಂದು, ಮೂವತ್ತು ಮಾಡಿ ಇಲ್ಲವಾದರೆ ಕಳಿಸುವುದಿಲ್ಲ ಎಂದ. ಮೂರನೆಯ ತಿಂಗಳಲ್ಲಿ ಇನ್ನೊಬ್ಬ ತನ್ನ ಮೂರು ಮಕ್ಕಳೆಂದು ಮೂವರನ್ನು ಕರೆತಂದ. ಅದರಲ್ಲಿ ಇಬ್ಬರು ಪಕ್ಕದ ಜೋಪಡಿಯವರು. ಹದಿನೆಂಟು, ಹತ್ತೊಂಬತ್ತು ಸಾವಿರ ಕಳೆದುಕೊಂಡು ನಿಲ್ಲಿಸಿದೆ. ನನ್ನ ಯಜಮಾನರು ಏನೂ ಹೇಳಲಿಲ್ಲ. ಆ ಸಲ ಗ್ರಾಚ್ಯುಟಿಯ ಪಾಸ್‌ಬುಕ್ಕನ್ನು ಮಾತ್ರ ತಮ್ಮ ಕಪಾಟಿಗೆ ಸ್ಥಳಾಂತರಿಸಿದರು.

ತಕ್ಕಡಿ ಹೊಳೆದದ್ದು ನನ್ನದೇ ರದ್ದಿಯಿಂದ. ಒಂದು ವರ್ಷದ ವೃತ್ತಪತ್ರಿಕೆಯನ್ನು ಮನೆಯಲ್ಲಿ ತೂಕ ನೋಡುವ ಯಂತ್ರದ ಮೇಲಿಟ್ಟಾಗ ಹನ್ನೊಂದು ಕಿಲೋ ಇತ್ತು. ಭಂಗಾರದ ಅಂಗಡಿಯಲ್ಲಿ ಎಂಟೂವರೆ ಎಂದರು. ನಾನು ತುಟಿ ಬಿಚ್ಚದೆ ದುಡ್ಡು ತೆಗೆದುಕೊಂಡೆ. ಹಿಂದೆ ಸರದಿಯಲ್ಲಿ ನಿಂತಿದ್ದ ಎಡಗೈ ಹುಡುಗನೊಬ್ಬ, ನನ್ನ ಬಿಸ್ಕತ್ತಿನ ಕಾಲದ ವಿದ್ಯಾರ್ಥಿ, ಹಲ್ಲು ಕಿರಿದ. "ಅಕ್ಕೋರೇ, ನಿಮಗೂ ಕಾಟಾ ಹೊಡೆದರೇ?" ತೂಕದಲ್ಲಿ ಮೋಸ ಮಾಡುವುದಕ್ಕೆ ನಮ್ಮ ಕಡೆ ಹಾಗೆ ಹೇಳುತ್ತಾರೆ. ಸಕ್ಕರೆ ಕಾರ್ಖಾನೆಗೆ ಕಬ್ಬು ಹಾಕುವ ರೈತನ ಬಾಯಲ್ಲೂ ಅದೇ ಮಾತು. ಮೂವತ್ತೆರಡು ವರ್ಷ ಕಿಲೋಗ್ರಾಂ, ಗ್ರಾಂ ಪಾಠ ಮಾಡಿದ ನನಗೂ, ಏನೂ ಓದದ ಅವನಿಗೂ ಅಂಗಡಿಯಲ್ಲಿ ಒಂದೇ ನ್ಯಾಯ. ಒಂದು ವ್ಯತ್ಯಾಸವೆಂದರೆ ಅವನಿಗೆ ಮೋಸವಾಗುತ್ತಿದೆ ಎಂದು ಪ್ರತಿದಿನ ಗೊತ್ತಾಗುತ್ತಿತ್ತು, ಎಷ್ಟು ಎಂದು ಮಾತ್ರ ಗೊತ್ತಾಗುತ್ತಿರಲಿಲ್ಲ.

ಆ 'ಎಷ್ಟು' ನನ್ನ ಕೈಯಲ್ಲಿತ್ತು.

350 ರೂಪಾಯಿಗೆ ಸ್ಪ್ರಿಂಗಿನ ಕೊಕ್ಕೆ ತಕ್ಕಡಿ ತಂದು, ಅಂಗಡಿಗೆ ಹೋಗುವ ದಾರಿಯ ಒಂದು ಗೋದಾಮಿನ ಕಟ್ಟೆಯ ಮೇಲೆ ಕುಳಿತೆ. ಚೀಲ ತೂಗಿಸಿಕೊಂಡು ಹೋಗಿ, ದುಡ್ಡಿಲ್ಲ, ಪಾಠವೂ ಇಲ್ಲ ಎಂದೆ. ಮೊದಲ ದಿನ ನಾಲ್ವರು. ವಾರದೊಳಗೆ ಸಾಲು. ನಾನು ಗೆದ್ದೆ ಎಂದುಕೊಂಡೆ. ಎರಡನೆಯ ವಾರ ಮಕ್ಕಳು ಅಂಗಡಿಯಲ್ಲಿ ಜಗಳ ತೆಗೆದರು. ಅಕ್ಕೋರ ತಕ್ಕಡಿಯಲ್ಲಿ ಆರು ಕಿಲೋ, ನಿಮ್ಮದರಲ್ಲಿ ಐದು ಹೇಗೆ ಎಂದು. ಅಂಗಡಿಯ ಮಾಮಾ ಎದ್ದು ಬಂದು, ಮುದ್ರೆ ಹಾಕಿದ ಐದು ಕಿಲೋ ಕಲ್ಲನ್ನು ನನ್ನ ಕೊಕ್ಕೆಗೆ ನೇತುಹಾಕಿದರು. ಮುಳ್ಳು ಐದು ಕಿಲೋ ಆರುನೂರರ ಮೇಲೆ ನಿಂತಿತು. ಸ್ಪ್ರಿಂಗ್ ಸಡಿಲಾಗಿತ್ತು. ಇಪ್ಪತ್ತು ಮಕ್ಕಳ ಎದುರು ಕಳ್ಳಿ ನಾನಾದೆ. "ಬಾಯಿ, ನಮ್ಮದರಲ್ಲಿ ದೋಷ ಹುಡುಕುವ ಮೊದಲು ನಿಮ್ಮದನ್ನು ನೋಡಿಕೊಳ್ಳಿ" ಎಂದು ಹೇಳಿ ಅವರು ಒಳಗೆ ಹೋದರು. ಮೂರು ತಿಂಗಳು ಆ ಕಟ್ಟೆಯ ಕಡೆಗೆ ಒಂದು ಮಗುವೂ ಸುಳಿಯಲಿಲ್ಲ. ಹೊಸದಾಗಿ ಶುರು ಮಾಡುವವರಿಗೆ ನನ್ನ ಒಂದೇ ಕೋರಿಕೆ: ಸ್ಪ್ರಿಂಗಿನದು ಬೇಡ.

ಎರಡನೆಯದು ಬ್ಯಾಟರಿಯ ನೇತಾಡುವ ತಕ್ಕಡಿ, ಏಳುನೂರರ ಆಸುಪಾಸು. ಆದರೆ ನಂಬುವವರು ಯಾರು? ಎಡಗೈ ಹುಡುಗನನ್ನು ಕಿರಾಣಿ ಅಂಗಡಿಗೆ ಕಳಿಸಿ, ಅವನೇ ಆರಿಸಿದ ಒಂದು ಕಿಲೋ ಉಪ್ಪಿನ ಪೊಟ್ಟಣಗಳನ್ನು ಐದು ತರಿಸಿದೆ. ಒಂದಿಟ್ಟರೆ 1 ಕಿಲೋ ಮೇಲೆ ಪ್ಲಾಸ್ಟಿಕ್ಕಿನ ನಾಲ್ಕಾರು ಗ್ರಾಂ. ಐದಿಟ್ಟರೆ 5 ಕಿಲೋ ಚಿಲ್ಲರೆ. ಅಂದಿನಿಂದ ಪ್ರತಿದಿನ ಬೆಳಿಗ್ಗೆ ತಕ್ಕಡಿಗೆ ಮೊದಲು ಉಪ್ಪು, ಆಮೇಲೆ ಚೀಲ. ಉಪ್ಪು ಇಡುವ ಸರದಿಗಾಗಿ ಮಕ್ಕಳು ಹೊಡೆದಾಡುತ್ತಾರೆ. ಪೊಟ್ಟಣ ಒದ್ದೆಯಾಗಿ ತೂತಾದರೆ ಬದಲಿಸಬೇಕು. ವರ್ಷಕ್ಕೆ ಐವತ್ತು ಪೊಟ್ಟಣ ಹೋಗುತ್ತವೆ. ತೂತಾದ ಉಪ್ಪು ಯಾರದಾದರೂ ಮನೆಗೆ ಹೋಗುತ್ತದೆ, ಅದಕ್ಕೇ ತೂತು ಹೆಚ್ಚು ಎಂಬ ಅನುಮಾನ ನನಗಿದೆ.

ಇಲ್ಲಿಂದ ಪಾಠ ತಾನಾಗಿ ಶುರುವಾಯಿತು. ಬ್ಯಾಟರಿ ತಕ್ಕಡಿಯಲ್ಲಿ ಅಂಕಿಗಳು ಕಡ್ಡಿ ಕಡ್ಡಿಯಾಗಿ ಮೂಡುತ್ತವಲ್ಲ, ಅದನ್ನು ಕಲಿಸಲು ಬಳಪ ಬೇಕಿಲ್ಲ, ಒಂದು ಬೆಂಕಿಪೊಟ್ಟಣ ಸಾಕು. ಎರಡು ಕಡ್ಡಿಯಲ್ಲಿ 1, ಮೂರರಲ್ಲಿ 7, ನಾಲ್ಕರಲ್ಲಿ 4, ಏಳೂ ಇಟ್ಟರೆ 8. ಐದು ಕಡ್ಡಿಯಲ್ಲಿ ಎಷ್ಟು ಅಂಕಿ ಮಾಡಬಹುದು ಎಂದು ಕೇಳಿದೆ. ಒಬ್ಬ 2 ಮಾಡಿದ, ಇನ್ನೊಬ್ಬ ಒಂದೆರಡು ಕಡ್ಡಿ ಸರಿಸಿ 3 ಮತ್ತು 5 ತೋರಿಸಿದ. ಆರು ಕಡ್ಡಿಯಲ್ಲಿ 0, 6, 9. ಶಾಲೆಯಲ್ಲಿ ಮೂರು ತಿಂಗಳು ಹಿಡಿಯುತ್ತಿದ್ದದ್ದು ಇಲ್ಲಿ ಹತ್ತು ಹನ್ನೊಂದು ದಿನದಲ್ಲಿ ಆಯಿತು. ಚುಕ್ಕಿಯ ಮುಂದಿನ ಮೂರು ಅಂಕಿ ಗ್ರಾಂ ಎಂದು ತಿಳಿದ ದಿನ ಕಟ್ಟೆಯ ಮೇಲೆ ಗದ್ದಲವೆದ್ದಿತು. 3.850 ಬಂದಾಗ ಅಂಗಡಿಯಲ್ಲಿ "ಮೂರು ಕಿಲೋ" ಎನ್ನುತ್ತಿದ್ದರು. ಚುಕ್ಕಿಯ ಈಚಿನದೆಲ್ಲ ಮಾಮಾನ ಪಾಲು. ರದ್ದಿ, ಪುಟ್ಟಾ, ಬಾಟಲಿ, ಕಬ್ಬಿಣ ಎಂದು ನಾಲ್ಕು ಸಲ ತೂಗಿದರೆ ಒಂದೊಂದರಲ್ಲಿ ಸರಾಸರಿ ಅರ್ಧ ಕಿಲೋ. ದಿನಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ರೂಪಾಯಿ. ಆಗ ಒಂದು ಮಗುವಿನ ದಿನದ ಗಳಿಕೆ ನೂರಾಮೂವತ್ತರ ಸುಮಾರು.

ನಾನು ಕೈಯಿಂದ ಕೊಟ್ಟು ಕೆಟ್ಟದ್ದೂ ಅದೇ ಇಪ್ಪತ್ತು ರೂಪಾಯಿ ಎಂಬುದನ್ನು ಗಮನಿಸಿ. ಈ ಸಲ ಅದು ಅವರದೇ ದುಡ್ಡು. ಲೆಕ್ಕ ಹಾಕಿ ತೋರಿಸಿದೆ: ಏಳು ತಾಸಿಗೆ ನೂರಾಮೂವತ್ತು ಎಂದರೆ ಈ ಇಪ್ಪತ್ತೈದು ಗಳಿಸಲು ಒಂದು ತಾಸಿನ ಮೇಲೆ ಬೇಕು. ತೂಕ ಸರಿಯಾಗಿ ಸಿಕ್ಕರೆ ಅಷ್ಟು ಹೊತ್ತು ಉಳಿಯುತ್ತದೆ, ಆ ಒಂದು ತಾಸು ನನಗೆ ಕೊಡಿ. ಒಪ್ಪಿದರು. ಹತ್ತರಿಂದ ಹನ್ನೊಂದು. ಚೀಲ ಸುರಿದು ಬೇರೆ ಮಾಡುವ ಹೊತ್ತೇ ಅದು, ಮಕ್ಕಳ ಕಣ್ಣಲ್ಲಿ ನಿದ್ದೆ ಇರುವುದಿಲ್ಲ. ಎರಡು ವರ್ಷ ಹುಡುಕಿದ ಜಾಗ ಅವರ ಚೀಲದ ಬಾಯಲ್ಲೇ ಇತ್ತು.

ಇನ್ನು ಮಾಮಾ. ಅಂಗಡಿಯವರನ್ನು ಬೈದು ಕೆಲಸ ಮಾಡಲಾಗುವುದಿಲ್ಲ. ಮಕ್ಕಳು ಮಾರಲು ಬೇರೆಲ್ಲಿಗೆ ಹೋಗಬೇಕು? ಅದೂ ಅಲ್ಲದೆ ನಮ್ಮ ಮಕ್ಕಳು ಸಾಚಾ ಅಲ್ಲ. ಒಂದು ದಿನ ಪಾಠದ ನಡುವೆ ಹುಡುಗಿಯೊಬ್ಬಳು, ಬಹಳ ಬುದ್ಧಿವಂತೆ, ಕೇಳಿದಳು: "ಅಕ್ಕೋರೇ, ಐದು ಕಿಲೋ ಪುಟ್ಟಾಕ್ಕೆ ಎಷ್ಟು ನೀರು ಹಾಕಿದರೆ ಮಾಮಾನಿಗೆ ಗೊತ್ತಾಗುವುದಿಲ್ಲ?" ಭಾಗಾಕಾರದ ಅತ್ಯುತ್ತಮ ಪ್ರಶ್ನೆ. ಉತ್ತರ ಹೇಳಲಿಲ್ಲ. ಆದರೆ ಮಾಮಾ ಚುಕ್ಕಿಯ ಈಚಿನದನ್ನು ನುಂಗುವುದು ಏಕೆ ಎಂದು ಆಗ ನನಗೆ ಪೂರ್ತಿ ಅರ್ಥವಾಯಿತು. ಇವರು ನೀರು ಹಾಕುತ್ತಾರೆ, ಅವರು ಕಾಟಾ ಹೊಡೆಯುತ್ತಾರೆ. ಇಬ್ಬರೂ ಒಬ್ಬರಿಗೊಬ್ಬರು ಕಾರಣ. ಒಂದು ಸಂಜೆ ಅಂಗಡಿಗೆ ಹೋಗಿ ಕುಳಿತೆ. ಮಕ್ಕಳು ನೀರು ಹಾಕುವುದಿಲ್ಲ, ಪುಟ್ಟಾದ ನಡುವೆ ಕಲ್ಲು ಇಡುವುದಿಲ್ಲ, ಅದಕ್ಕೆ ನಾನು ಹೊಣೆ. ನೀವು ತಕ್ಕಡಿಯ ಅಂಕಿ ಮಕ್ಕಳಿಗೆ ಕಾಣುವಂತೆ ತಿರುಗಿಸಿ ಇಡಿ. ಅವರು ಚಹಾ ತರಿಸಿದರು. ಆ ಕರಾರಿನಲ್ಲಿ ಇನ್ನೂ ಒಂದು ಮಾತಿತ್ತು. ಅದಿಲ್ಲದಿದ್ದರೆ ಅವರು ಒಪ್ಪುತ್ತಲೇ ಇರಲಿಲ್ಲ. ಅದನ್ನು ಇಲ್ಲಿ ಬರೆಯುವುದಿಲ್ಲ, ಅವರ ಅಂಗಡಿ ನನಗೆ ಇನ್ನೂ ಬೇಕು. ಒಟ್ಟಿನಲ್ಲಿ ತಕ್ಕಡಿ ತಿರುಗಿತು. ಒಂದೂವರೆ ವರ್ಷದಲ್ಲಿ ಸುತ್ತಲಿನ ಐದು ಅಂಗಡಿಗಳಲ್ಲಿ ಮೂರು ತಿರುಗಿದವು. ಉಳಿದ ಎರಡಕ್ಕೆ ನಮ್ಮ ಮಕ್ಕಳು ಹೋಗುವುದಿಲ್ಲ.

ಅಕ್ಷರ ಬಂದದ್ದು ಕಿರ್ದಿಯಿಂದ. ಪ್ರತಿ ಮಗುವಿಗೂ ಒಂದು ಪುಟ: ದಿನ, ಮಾಲು, ತೂಕ, ದರ, ದುಡ್ಡು. ಮೊದಲು ನಾನು ಬರೆಯುತ್ತಿದ್ದೆ. ಒಂದು ದಿನ ಬೇಕೆಂದೇ ತಪ್ಪು ಬರೆದೆ, ಬಾಟಲಿಯ ಸಾಲಿನಲ್ಲಿ ರದ್ದಿಯ ದರ. ಎಡಗೈ ಹುಡುಗ ಅಂಕಿ ನೋಡಿ ಹಿಡಿದ. ಮರುದಿನದಿಂದ ಪೆನ್ಸಿಲ್ ಅವರ ಕೈಯಲ್ಲಿ. ನಾನು ಕಲಿಸಿದ ಮೊದಲ ಅಕ್ಷರ 'ಅ' ಅಲ್ಲ, 'ಭ'. ಬಂಗಾರದ 'ಬ'ಕ್ಕೆ ಕೆಳಗೊಂದು ಗೀರು ಹಾಕಿದರೆ ಭಂಗಾರ. ಮಕ್ಕಳಿಗೆ ಇದು ಬಹಳ ಹಿಡಿಸಿತು. ಕೆಲವರು ಬೇಕೆಂದೇ ಗೀರು ಮರೆತು, "ಇವತ್ತು ಏಳು ಕಿಲೋ ಬಂಗಾರ ಮಾರಿದೆ" ಎಂದು ಬರೆದು ತೋರಿಸುತ್ತಿದ್ದರು. ಭ, ರ, ಪ, ಕ, ಜ. ರದ್ದಿ, ಪುಟ್ಟಾ, ಕಬ್ಬಿಣ, ಜರ್ಮನ್. ಒತ್ತಕ್ಷರ ಎರಡನೆಯ ವಾರಕ್ಕೇ ಬಂದುಬಿಟ್ಟಿತು, ಏಕೆಂದರೆ 'ರದ್ದಿ' ಬರೆಯಲು ಅದು ಬೇಕೇ ಬೇಕು. ಪಠ್ಯಕ್ರಮ ಮಾಡುವವರು ಏನಾದರೂ ಅಂದುಕೊಳ್ಳಲಿ.

ನಡುವೆ ಕೆಲವು ಅಡ್ಡದಾರಿ ಹಿಡಿದೆ. ಹಳೆಯ ಸ್ಪೀಕರಿನ ಅಯಸ್ಕಾಂತಗಳನ್ನು ಜೋಡಿಸಿ ಪ್ರತಿ ಮಗುವಿಗೂ ಒಂದು ಕೊಟ್ಟೆ. ಹಿಡಿದುಕೊಂಡರೆ ಕಬ್ಬಿಣ, ಬಿಟ್ಟರೆ ಜರ್ಮನ್, ಹಿತ್ತಾಳೆ ಅಥವಾ ತಾಮ್ರ. ಇದು ಹಾಕಿದ ದುಡ್ಡಿಗೆ ಅತಿ ಹೆಚ್ಚು ಫಲ ಕೊಟ್ಟ ಪ್ರಯೋಗ. ಕಬ್ಬಿಣದ ನಾಲ್ಕು ಪಟ್ಟು ದರಕ್ಕೆ ಜರ್ಮನ್ ಹೋಗುತ್ತದೆ, ಅದನ್ನು ಕಬ್ಬಿಣದ ಚೀಲದಲ್ಲೇ ಹಾಕಿ ಕೊಡುತ್ತಿದ್ದರು. ತಂತಿ ಸುಡುವುದನ್ನು ಬಿಡಿಸಲು ಹೊಗೆ, ಕ್ಷಯ, ಕ್ಯಾನ್ಸರ್ ಎಂದು ಉಪದೇಶ ಮಾಡಿ ಸೋತಿದ್ದೆ. ಸುಟ್ಟ ತಾಮ್ರ ಕಪ್ಪಾಗಿ ದರ ಇಳಿಯುತ್ತದೆ, ಸುಲಿದ ತಾಮ್ರ ಹೊಳೆಯುತ್ತದೆ, ದರ ಹೆಚ್ಚು ಎಂದು ಮಾಮಾನ ಬಾಯಲ್ಲೇ ಹೇಳಿಸಿದ ಮೇಲೆ ಬೆಂಕಿ ನಿಂತಿತು. ಪೂರ್ತಿಯಲ್ಲ, ಮುಕ್ಕಾಲು ಪಾಲು.

ಬೀಡಿಯಲ್ಲಿ ಮುಗ್ಗರಿಸಿದೆ. ನಮ್ಮ ಹುಡುಗಿಯರ ತಾಯಂದಿರಲ್ಲಿ ಹಲವರು ಬೀಡಿ ಕಟ್ಟುತ್ತಾರೆ, ಕೆಲವರ ಮನೆ ಕುಂಭಾರಿಯ ಗೋದೂತಾಯಿ ಪರುಳೇಕರ ವಸಾಹತಿನಲ್ಲಿದೆ. ಎಲೆಯನ್ನು ತೂಕದಲ್ಲಿ ಕೊಡುತ್ತಾರೆ, ಬೀಡಿಯನ್ನು ಸಾವಿರದ ಲೆಕ್ಕದಲ್ಲಿ ತೆಗೆದುಕೊಳ್ಳುತ್ತಾರೆ. ಎಲೆ ಕಡಿಮೆ ಬಂದರೆ ತಾಯಿ ಕೈಯಿಂದ ದುಡ್ಡು ಹಾಕಿ ಕೊಂಡು ತುಂಬಿಸಬೇಕು, ಹೊತ್ತು ಸಾಲದೆ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾಳೆ. ಅಲ್ಲಿಗೂ ತಕ್ಕಡಿ ಒಯ್ದೆ. ಎರಡು ದಿನ ತೂಗಿದೆವು. ಮೂರನೆಯ ದಿನ ತಾಯಂದಿರೇ ಕೈಮುಗಿದು, ಬೇಡ ಬಾಯಿ, ನಾಳೆ ಎಲೆಯೇ ಕೊಡದಿದ್ದರೆ ಏನು ಮಾಡೋಣ ಎಂದರು. ಭಂಗಾರಕ್ಕೆ ಐದು ಅಂಗಡಿಗಳಿದ್ದವು, ಅವರಿಗೆ ಇದ್ದದ್ದು ಒಬ್ಬನೇ ಗುತ್ತಿಗೆದಾರ. ತಕ್ಕಡಿ ಮಡಚಿಕೊಂಡು ಬಂದೆ. ಅಕ್ಕಲಕೋಟೆಯ ಮಾಸ್ತರರಿಗೂ ಇದನ್ನೇ ಹೇಳಿದೆ: ಹೂವಿನ ಮಕ್ಕಳಿಗೆ ಮಾಲು ಕೊಡುವವರು ಎಷ್ಟು ಜನ ಎಂದು ಮೊದಲು ಎಣಿಸಿ.

ಬೆಂಗಳೂರಿನಲ್ಲಿ ದುಡಿಯುವ ಮಕ್ಕಳೇ 1990ರಲ್ಲಿ ಭೀಮಸಂಘ ಕಟ್ಟಿಕೊಂಡರು, ಪುಣೆಯಲ್ಲಿ ಚಿಂದಿ ಆಯುವವರು 1993ರಲ್ಲಿ ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್ ಕಟ್ಟಿದರು ಎಂದು ಕೇಳಿ ನಾನೂ ಮಕ್ಕಳ ಪಂಚಾಯಿತಿ ಮಾಡಹೋದೆ. ಅಧ್ಯಕ್ಷ ಪದವಿಗಾಗಿ ಇಬ್ಬರು ತಲೆ ಒಡೆದುಕೊಂಡು, ಒಬ್ಬನಿಗೆ ಮೂರು ಹೊಲಿಗೆ ಬಿದ್ದವು. ಅಂಚೆ ಕಚೇರಿಯ ಖಾತೆಯೂ ಅಷ್ಟೇ. ಹತ್ತು ತುಂಬಿದ ಮಗು ತಾನೇ ಖಾತೆ ನಡೆಸಬಹುದು, ನಿಜ. ಆದರೆ 500 ರೂಪಾಯಿ ಕನಿಷ್ಠ ಠೇವಣಿ, ಆಧಾರ್, ವಿಳಾಸ. ಮೇಲ್ಸೇತುವೆಯ ಕೆಳಗಿನ ವಿಳಾಸವನ್ನು ಹೇಗೆ ಬರೆಯುವುದು? ನಾಲ್ಕೇ ಖಾತೆ ಆದವು.

ನೀವು ಬಾಲಕಾರ್ಮಿಕ ಪದ್ಧತಿಗೆ ಎಣ್ಣೆ ಹಾಕುತ್ತಿದ್ದೀರಿ ಎಂಬ ಆಕ್ಷೇಪ ಮೊದಲಿನಿಂದ ಇದೆ. ಕಾನೂನು ನನಗೂ ಗೊತ್ತು. ಚಿಂದಿ ಆಯುವುದು 1986ರ ಕಾಯ್ದೆಯ ನಿಷೇಧದ ಪಟ್ಟಿಗೆ ಸೇರಿತ್ತು. 2016ರ ತಿದ್ದುಪಡಿಯ ನಂತರ ಹದಿನಾಲ್ಕರೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ, ಶಾಲೆ ಬಿಟ್ಟ ಹೊತ್ತಿನಲ್ಲಿ ಮನೆಯವರ ಅಪಾಯವಿಲ್ಲದ ಕೆಲಸಕ್ಕೆ ನೆರವಾಗುವುದು, ಬಾಲ ಕಲಾವಿದರಾಗಿ ದುಡಿಯುವುದು ಮಾತ್ರ ಹೊರತು. ಆಕ್ಷೇಪದಲ್ಲಿ ಹುರುಳೂ ಇದೆ. ಗಳಿಕೆ ಹೆಚ್ಚಿತೆಂದು ಒಂದು ಮನೆಯವರು ಆರು ವರ್ಷದ ತಂಗಿಯನ್ನೂ ಚೀಲದೊಂದಿಗೆ ಕಳಿಸಿದರು. ಅದನ್ನು ಕಂಡ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಂಬತ್ತು ವರ್ಷದೊಳಗಿನವರ ಚೀಲ ತೂಗುವುದಿಲ್ಲ, ಅವರು ಶಾಲೆಗೆ ಹೋಗುತ್ತಿದ್ದರೆ ಮಾತ್ರ ಅಣ್ಣ ಅಕ್ಕಂದಿರ ಚೀಲ ತೂಗುತ್ತೇನೆ ಎಂಬ ನಿಯಮ ಮಾಡಿದೆ. ತಂಗಿಯ ಮಾಲನ್ನು ಅಣ್ಣನ ಚೀಲಕ್ಕೆ ಸುರಿದು ತಂದರು. ಕಿರ್ದಿ ನೋಡಿದರೆ ಗೊತ್ತಾಗುತ್ತದೆ, ಒಬ್ಬ ಹುಡುಗನ ರದ್ದಿ ಒಂದೇ ವಾರದಲ್ಲಿ ಇಮ್ಮಡಿಯಾಗುವುದಿಲ್ಲ. ಹಿಡಿದೆ. ಆ ತಂಗಿ ಈಗ ನಾಲ್ಕನೆಯ ತರಗತಿಯಲ್ಲಿದ್ದಾಳೆ.

ಆಕ್ಷೇಪಿಸಿದವರಲ್ಲೇ ಕೆಲವರು ಒಂದು ಜೂನ್‌ನಲ್ಲಿ, ಬಾಲಕಾರ್ಮಿಕ ವಿರೋಧಿ ದಿನದ ಹೊತ್ತಿಗೆ, ವ್ಯಾನು ತಂದು ಐದು ಮಕ್ಕಳನ್ನು ಎತ್ತಿಕೊಂಡು ಹೋದರು. ಕಾನೂನಿನ ಪ್ರಕಾರ 24 ತಾಸಿನೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿದರು, ಅದರಲ್ಲಿ ತಪ್ಪಿಲ್ಲ. ಆದರೆ ತಂದೆತಾಯಿಯ ಗುರುತಿನ ಕಾಗದ ಹೊಂದಿಸಿ ಮಕ್ಕಳು ಮನೆಗೆ ಬರುವಷ್ಟರಲ್ಲಿ ಆರು ದಿನ. ನಾನು ಕಿರ್ದಿ ಒಯ್ದು ತೋರಿಸಿದೆ: ಈ ಮಗು ಇಷ್ಟು ತಿಂಗಳಿನಿಂದ ದಿನಾ ಹತ್ತಕ್ಕೆ ನನ್ನ ಬಳಿ ಇರುತ್ತದೆ, ಇದು ಅದರ ಕೈಬರಹ. ಐವರಲ್ಲಿ ಇಬ್ಬರು ಹೊರಬಂದ ಮೇಲೆ ಊರೇ ಬಿಟ್ಟರು. ಒಬ್ಬನ ಪುಟ ಇನ್ನೂ ಅರ್ಧ ಖಾಲಿ ಇದೆ.

2020ರ ಮಾರ್ಚ್‌ನಲ್ಲಿ ಎಲ್ಲ ಮುಚ್ಚಿದಾಗ ಅಂಗಡಿಯೂ ಮುಚ್ಚಿತು, ರೈಲೂ ನಿಂತಿತು. ಯಾರ ಮನೆಯಲ್ಲಿ ಎಷ್ಟು ಬಾಯಿ, ಯಾರದು ಎಷ್ಟು ಗಳಿಕೆ ಎಂಬುದು ಕಿರ್ದಿಯಲ್ಲೇ ಇತ್ತು. ಅಕ್ಕಿ, ಬೇಳೆ ಹಂಚಲು ಬಂದವರು ಅದನ್ನೇ ನೋಡಿ ಹಂಚಿದರು. ಆ ವರ್ಷದ ಬಗ್ಗೆ ಇಷ್ಟೇ ಸಾಕು.

ಶಾಲೆಗೆ ಸೇರಿಸುವುದು ಈಗ ಸುಲಭ, ಏಕೆಂದರೆ ಮಗು ಲೆಕ್ಕ ಬಲ್ಲದ್ದಾಗಿ ಹೋಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 4ನೆಯ ಮತ್ತು 14ನೆಯ ಕಲಮುಗಳ ಮರಾಠಿ ಪ್ರತಿ ನನ್ನ ಚೀಲದಲ್ಲಿ ಸದಾ ಇರುತ್ತದೆ: ವಯಸ್ಸಿಗೆ ತಕ್ಕ ತರಗತಿ ಕೊಡಬೇಕು, ಜನನ ದಾಖಲೆ ಇಲ್ಲವೆಂದು ತಿರಸ್ಕರಿಸುವಂತಿಲ್ಲ. ಒಬ್ಬ ಮುಖ್ಯಾಧ್ಯಾಪಕರು ಅದನ್ನು ಓದಿದ ಮೇಲೂ, ಈ ಹುಡುಗನಿಗೆ ಏನು ಬರುತ್ತದೆ ಎಂದು ಕೇಳಿದರು. ಮೂರು ಕಿಲೋ ಏಳುನೂರೈವತ್ತು ಗ್ರಾಂ, ಕಿಲೋಗೆ ಹನ್ನೆರಡು ರೂಪಾಯಿ ಎಂದೆ. ಅವರು ಕಾಗದ ಎಳೆದುಕೊಳ್ಳುವಷ್ಟರಲ್ಲಿ ಹುಡುಗ "ನಲವತ್ತೈದು" ಎಂದ. ಐದನೆಯ ತರಗತಿ ಸಿಕ್ಕಿತು. ಕನ್ನಡ ಮಾಧ್ಯಮವೋ ಮರಾಠಿಯೋ ಎಂಬುದರಲ್ಲಿ ನಾನು ಹಟ ಹಿಡಿಯುವುದಿಲ್ಲ. ಜೋಪಡಿಗೆ ಹತ್ತಿರವಿದ್ದದ್ದೇ ಮಾಧ್ಯಮ. ಕನ್ನಡದ ಮಾಸ್ತರತಿಯಾಗಿ ಇದನ್ನು ಬರೆಯಲು ಸಂಕಟವಾಗುತ್ತದೆ, ಆದರೆ ಎರಡು ಕಿಲೋಮೀಟರ್ ದೂರದ ಕನ್ನಡ ಶಾಲೆಗೆ ಸೇರಿಸಿದ ಮೂವರೂ ಬಿಟ್ಟರು.

ಕಿರ್ದಿಯಲ್ಲಿ ಹೆಸರು ಬಿದ್ದ ಮಕ್ಕಳು ಇದುವರೆಗೆ ಎಪ್ಪತ್ತರ ಆಸುಪಾಸು. ಲೆಕ್ಕ ಮತ್ತು ಓದು ತಕ್ಕಮಟ್ಟಿಗೆ ಬಂದವರು ಐವತ್ತು. ಶಾಲೆಯಲ್ಲಿ ಒಂದು ವರ್ಷ ದಾಟಿದವರು ಇಪ್ಪತ್ತಾರೋ ಇಪ್ಪತ್ತೇಳೋ. ಹತ್ತನೆಯ ತರಗತಿ ದಾಟಿದವರು ಇಬ್ಬರು, ಒಬ್ಬಳು ನೀರಿನ ಪ್ರಶ್ನೆ ಕೇಳಿದವಳು. ಅಮಲಿಗಾಗಿ ಸೊಲ್ಯೂಷನ್, ಅಂದರೆ ಪಂಕ್ಚರ್ ಅಂಟು, ಮೂಸುವ ಹುಡುಗರಲ್ಲಿ ಆರು ಜನ ಅದನ್ನು ಬಿಟ್ಟಿದ್ದಾರೆ. ಅದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಬರೆದರೆ ಆ ಹುಡುಗರೇ ಓದಿಬಿಡುತ್ತಾರೆ, ಈಗ ಅವರಿಗೆ ಓದು ಬರುತ್ತದೆ. ಬಂದು ನನ್ನ ಜೊತೆ ಒಂದು ವಾರ ಕಟ್ಟೆಯ ಮೇಲೆ ಕುಳಿತವರಿಗೆ ಹೇಳುತ್ತೇನೆ.

ಖರ್ಚು ಕೇಳುವವರಿಗೆ: ಇಷ್ಟು ವರ್ಷಕ್ಕೆ ಕೈಯಿಂದ ಎರಡೂವರೆ ಲಕ್ಷ ಹೋಗಿರಬಹುದು. ಅದರಲ್ಲಿ ಸೋತ ಪ್ರಯೋಗಗಳದೇ ನಲವತ್ತು ಸಾವಿರ. ಈಗಿನದು ಒಂದು ಮಗ್ಗದ ಕಾರ್ಖಾನೆ ಮುಚ್ಚುವಾಗ ಕೊಂಡ ಹಳೆಯ ಮಣೆ ತಕ್ಕಡಿ, 3,200 ರೂಪಾಯಿ. ನೇತಾಡುವುದು ಕಳುವಾಯಿತು, ಬಹುಶಃ ಭಂಗಾರಕ್ಕೇ ಹೋಯಿತು. ಕಟ್ಟೆಯ ಬಾಡಿಗೆ ತಿಂಗಳಿಗೆ 1,500. ಒಂದು ದತ್ತಿಯವರು ಇಪ್ಪತ್ತು ಸಾವಿರ ಕೊಟ್ಟು, ಪ್ರತಿ ವಾರ ಮಕ್ಕಳ ಫೋಟೋ ಕಳಿಸಿ ಎಂದರು. ಚೀಲ ಹಿಡಿದುಕೊಂಡು ನಗುವ ಫೋಟೋ ಬೇಕಂತೆ. ಎರಡನೆಯ ಕಂತು ನಾನೇ ಬೇಡ ಎಂದೆ. ಜನವರಿಯಲ್ಲಿ ಸಿದ್ಧೇಶ್ವರನ ಗಡ್ಡಾ ಜಾತ್ರೆಯ ವಾರ ಪಾಠ ಇಟ್ಟುಕೊಳ್ಳಬೇಡಿ. ಏಳು ನಂದಿಧ್ವಜಗಳು ಹೊರಟವೆಂದರೆ ಬಲೂನು, ಬಾಟಲಿ ಎಂದು ಮಕ್ಕಳು ಊರ ತುಂಬ ಇರುತ್ತಾರೆ. ನಾನೂ ಹೋಗುತ್ತೇನೆ.

ದೀಪಾವಳಿಗೆ ಮೊದಲು ಒಂದು ಸಂಜೆ ಮಾಮಾ ಕಟ್ಟೆಗೆ ಬಂದರು. ಲಾರಿ ತುಂಬಿಸಿ ದೊಡ್ಡ ಗೋದಾಮಿಗೆ ಕಳಿಸಿದ ಮಾಲಿನ ಚೀಟಿ ಕೈಯಲ್ಲಿತ್ತು. ತಮ್ಮ ಅಂಗಡಿಯ ಲೆಕ್ಕಕ್ಕೂ ಆ ಚೀಟಿಗೂ ತಾಳೆಯಾಗುತ್ತಿಲ್ಲ, ನಿಮ್ಮ ಮಕ್ಕಳು ಒಮ್ಮೆ ನೋಡುವರೇ ಎಂದರು. ಹತ್ತನೆಯ ತರಗತಿ ದಾಟಿದ ಹುಡುಗಿ ಚೀಟಿ ಇಸಿದುಕೊಂಡು, ಕಿರ್ದಿಯ ಹಿಂಬದಿಯಲ್ಲಿ ಐದು ನಿಮಿಷ ಕೂಡಿಸಿ ಕಳೆದು, "ನೂರಾನಲವತ್ತು ಕಿಲೋ ಕಡಿಮೆ ಹಿಡಿದಿದ್ದಾರೆ" ಎಂದಳು. ಮಾಮಾ ಸುಮ್ಮನೆ ನಿಂತರು.

"ಮಾಮಾ, ಮುಂದಿನ ಸಲ ಹೋಗುವಾಗ ಉಪ್ಪಿನ ಪೊಟ್ಟಣ ತೆಗೆದುಕೊಂಡು ಹೋಗಿರಿ" ಎಂದಳು ಅವಳು.

ಮಕ್ಕಳೆಲ್ಲ ಹೋ ಎಂದು ನಕ್ಕರು. ಮಾಮಾ ನಗಲಿಲ್ಲ. ಲಾರಿ ತೂಗುವ ಕಾಟಾಕ್ಕೆ ಎಷ್ಟು ಪೊಟ್ಟಣ ಬೇಕಾದೀತು ಎಂದು ಕೇಳಿದರು.